ಬಸವನಹುಳುವಲ್ಲ, ನೊಣ

ಫಿನ್‌ಲ್ಯಾಂಡಿನ ಒಂದು ಕಾಡಂಚಿನಲ್ಲಿ, ಕೊಳೆತ ಪೈನ್ ಮರದ ಬೊಡ್ಡೆಯೊಳಗೆ, ಇರುವೆಗಳ ಗೂಡಿನಲ್ಲಿ ನಾನು ಹುಟ್ಟಿದೆ. ನಾನೊಂದು ನೊಣ. ನನ್ನ ಬಂಧುಗಳು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾರೆ; ಜನ ನೋಡಿ ಹಿಗ್ಗುತ್ತಾರೆ. ನನಗೆ ಹೂವೂ ಬೇಡ, ಆ ಆಟವೂ ಬೇಡ. ಎರಡು ಚಳಿಗಾಲ ಇರುವೆಗಳ ಮರಿಗಳನ್ನು ತಿಂದೇ ಬೆಳೆದೆ. ಮೈಗೆ ಅವುಗಳದೇ ವಾಸನೆ ಅಂಟಿದ್ದರಿಂದ ಅವು ನನ್ನನ್ನು ತಮ್ಮವಳೆಂದು ನಂಬಿದ್ದವು. ಕಳ್ಳಿ ಎನ್ನಿ, ಒಪ್ಪುತ್ತೇನೆ. ತಾರ್ಮೋ ಅಂದದ್ದನ್ನು ಮಾತ್ರ ಒಪ್ಪಲಾರೆ.

ತಾರ್ಮೋ ವಯಸ್ಸಾದ ಬಡಗಿ. ಹಬೆಸ್ನಾನದ ಕೋಣೆ ಕಟ್ಟಲೆಂದು ಮೇ ತಿಂಗಳಲ್ಲಿ ನಮ್ಮ ಬೊಡ್ಡೆಯನ್ನು ಹಾರೆಯಿಂದ ಮೀಟಿದ. ತೊಗಟೆ ಕಿತ್ತುಬಂದು, ಗುಂಡು ಬೆನ್ನಿನ ಮರಿಹುಳುವಾದ ನಾನು ಹೊರಗೆ ಬಿದ್ದೆ.

"ಅಕ್ಕಾ, ಇಲ್ಲೊಂದು ಬಸವನಹುಳು. ಹೊಸಕಿ ಹಾಕ್ಲಾ?"

ಅವನ ಅಕ್ಕ ಐಲಿ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಭೂತಗನ್ನಡಿ ಹಿಡಿದು ಬಂದಳು. "ಕಾಲು ಹಿಂದಕ್ಕೆ ತಗಿ. ಇದು ನೊಣದ ಮರಿ. ಹಿಂದೆ ಪಂಡಿತರೂ ನಿನ್ನ ಹಾಗೇ ಮೋಸ ಹೋಗಿದ್ರು."

ಪಂಡಿತರಂತೆ. ರೆಕ್ಕೆ ಬರುವವರೆಗೆ ಕಾದು ನೋಡುವಷ್ಟು ವ್ಯವಧಾನ ಅವರಿಗೂ ಇರಲಿಲ್ಲ.

ಐಲಿ ಕಾದಳು. ಅವಳ ಗಾಜಿನ ಜಾಡಿಯಲ್ಲಿ ನಾನು ಕೋಶವಾದೆ. ಮೂರು ವಾರಕ್ಕೆ ರೆಕ್ಕೆ ಬಂತು. "ಎಷ್ಟು ಚೆನ್ನಾಗಿದ್ದೀಯೇ" ಎಂದಳು. ಅಷ್ಟು ಹೇಳಿ ಸೂಜಿ ತೆಗೆದಳು. ಅವಳ ಪೆಟ್ಟಿಗೆಯ ತುಂಬ ಚುಚ್ಚಿಟ್ಟ ನೊಣಗಳಿದ್ದವು. ನಾನು ಹೆಣ್ಣು, ಇನ್ನೂ ಮೊಟ್ಟೆಯಿಡಬೇಕಾದವಳು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದವಳೇ ಹೀಗೆ ಮಾಡಿದರೆ ಯಾರನ್ನು ದೂರಲಿ?

ಕಾಫಿಗೆ ಬಂದ ತಾರ್ಮೋ ಬಾಗಿಲಲ್ಲೇ ನಿಂತ. "ಮೂರು ವಾರ ಸಾಕಿದ್ದು ಚುಚ್ಚೋದಕ್ಕಾ ಅಕ್ಕಾ?"

"ದಾಖಲೆ ಬೇಕಲ್ಲೋ."

"ಕಣ್ಣಾರೆ ನೋಡಿದ್ದೀಯಲ್ಲ, ಅದನ್ನೇ ಬರ್ಕೋ." ಜಾಡಿಯನ್ನು ಕಿಟಕಿಯಾಚೆ ಹಿಡಿದು ಮುಚ್ಚಳ ತೆಗೆದ. ಐಲಿ ತಡೆಯಲಿಲ್ಲ.

ಹಾರಿ ಹೋದೆ. ಬೊಡ್ಡೆಯಿದ್ದ ಜಾಗದಲ್ಲಿ ಹೊಸ ಹಲಗೆಗಳಿದ್ದವು. ನನ್ನ ಮಕ್ಕಳಿಗೆ ಆ ಇರುವೆಗಳೇ ಬೇಕು. ಬೇರೆ ಗೂಡಿನವು ಮೊಟ್ಟೆಯನ್ನೇ ತಿಂದುಬಿಡುತ್ತವೆ. ಎರಡು ದಿನ ಅಕ್ಕತಮ್ಮಂದಿರಿಬ್ಬರನ್ನೂ ಶಪಿಸುತ್ತ ಹುಡುಕಿದೆ. ಬೊಡ್ಡೆ ಸೌದೆ ರಾಶಿಯ ಹಿಂದಿತ್ತು. ಇರುವೆ ಕಚ್ಚಿದ್ದಕ್ಕೆ ತಾರ್ಮೋ ಸೀಳದೆ ಹಾಗೇ ಉರುಳಿಸಿದ್ದ. ನನ್ನ ಕುಲದ ಗಂಡೊಂದು ಅಲ್ಲೇ ಸುಳಿದಾಡುತ್ತಿತ್ತು. ನಾವು ಕೂಡಿದೆವು. ತೊಗಟೆಯ ಸಂದಿಯಲ್ಲಿ ಮೊಟ್ಟೆಗಳನ್ನಿಟ್ಟೆ. ರೆಕ್ಕೆ ಬಂದವಳನ್ನು ಗುರುತಿಸದ ಇರುವೆಗಳು ನನ್ನ ಒಂದು ಕಾಲು ಕಿತ್ತವು.

ಈಗ ರೆಕ್ಕೆಯೂ ಹರಿದಿದೆ. ಬೆಳಿಗ್ಗೆ ಐಲಿ ಬಂದು, ಭೂತಗನ್ನಡಿಯಲ್ಲಿ ಮೊಟ್ಟೆಗಳನ್ನು ಕಂಡು, ಬೊಡ್ಡೆಯ ಪಕ್ಕ ಕೋಲು ನೆಟ್ಟು, "ಇದನ್ನು ಸುಡಬಾರದು" ಎಂದು ಬರೆದ ಹಲಗೆ ಕಟ್ಟಿದಳು. ನನ್ನ ಕ್ಷಮೆ ಕೇಳಲಿಲ್ಲ, ನಾನೂ ಕ್ಷಮಿಸಿಲ್ಲ. ಆದರೆ ಗಂಟನ್ನು ಎರಡೆರಡು ಸಲ ಎಳೆದು ಬಿಗಿದಳು. ಅದನ್ನು ನೋಡಿದೆ.