ಗನ್ನಿನೊಳಗಿನ ತೂತು

ಭಾವ ಕಾರು ತೊಳೆಯುವ ಜಾಗವೊಂದನ್ನು ಕೊಂಡಿದ್ದ; ಅಲ್ಲಿ ಆಳುಗಳಿರಲಿಲ್ಲ. ಗಾಡಿಯವರೇ ಬಂದು, ಪೆಟ್ಟಿಗೆಗೆ ನಾಣ್ಯ ಹಾಕಿ, ಗೋಡೆಗೆ ತೂಗುಹಾಕಿದ್ದ ನೀರಿನ ಗನ್ನು ಹಿಡಿದು ತಮ್ಮ ಕಾರನ್ನು ತಾವೇ ತೊಳೆದುಕೊಳ್ಳಬೇಕು. ಸಾಲಾಗಿ ನಾಲ್ಕು ಅಂಕಣ, ಹಿಂದೆ ಪಂಪಿನ ಕೋಣೆ, ಅಷ್ಟೇ. ಕೊಂಡಾಗ ಬೇಸಿಗೆಯ ಶುರು. ಅಂದಿನಿಂದಲೂ ಅಲ್ಲಿ ನೀರು ಸೋರುತ್ತಲೇ ಇತ್ತು. ಬಟ್ಟೆ ಸುತ್ತಿ, ಟೇಪು ಹಚ್ಚಿ ಸಾಕಾಗಿಹೋದ ಭಾವ ಚಳಿ ಕಾಲಿಡುವ ಹೊತ್ತಿಗೆ ನಾದಿನಿಯನ್ನು ಕರೆಸಿದ.

ನಟ್ಟು ಬಿಚ್ಚುವ ಪಾನಾ ಸದಾ ಕೈಯಲ್ಲೇ ಇರುತ್ತಿದ್ದುದರಿಂದ ಅವಳನ್ನು ಮನೆಯವರೆಲ್ಲ ಪಾನಾ ಅಂತಲೇ ಕರೆಯುತ್ತಿದ್ದರು. ಹಾಲಿನ ಡೈರಿಯಲ್ಲಿ ಪಂಪು, ಪೈಪುಗಳ ರಿಪೇರಿ ಅವಳ ಕೆಲಸ. ಯಾವುದನ್ನೂ ಬಿಚ್ಚಿ ನೋಡದೆ ಬಿಟ್ಟವಳೇ ಅಲ್ಲ.

"ಎಲ್ಲಿ ಸೋರ್ತಿದೆ ಭಾವ?"

"ಎಲ್ಲಿ ಸೋರ್ತಿಲ್ಲ ಅಂತ ಕೇಳಮ್ಮ, ಬೇಗ ಹೇಳಿ ಮುಗಿಸ್ತೀನಿ."

ಪಂಪಿನ ಸೀಲು ಸವೆದಿತ್ತು, ಬದಲಾಯಿಸಿದಳು. ಎರಡನೇ ಅಂಕಣದಲ್ಲಿ, ಪೈಪನ್ನು ಹೊತ್ತು ತಲೆಯ ಮೇಲೆ ಸುತ್ತುವ ಕಬ್ಬಿಣದ ತೋಳಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಒಳಗಿನ ರಬ್ಬರ್ ಬಳೆ ಅಪ್ಪಚ್ಚಿ. ಹೊಸದು ಕೂರಿಸಿ ಗ್ರೀಸು ಸವರಿದಳು. ಮಧ್ಯಾಹ್ನದೊಳಗೆ ಅವೆರಡೂ ಒಣಗಿದವು. ಉಳಿದದ್ದು ಗನ್ನುಗಳು. ನೀರು ಬಿಡಲು ಒತ್ತುವ ಕುದುರೆಯಿಂದ ಬೆರಳು ತೆಗೆದರೂ ಅವುಗಳ ತುದಿಯಿಂದ ದಾರದೆಳೆಯಂಥ ನೀರು ಇಳಿಯುತ್ತಲೇ ಇತ್ತು.

ಒಂದನ್ನು ಬಿಚ್ಚಿ ಸ್ಪ್ರಿಂಗು, ನೀರು ತಡೆಯುವ ಗುಂಡು ಎಲ್ಲ ಹೊಸದು ಹಾಕಿದಳು. ಸೋರಿಕೆ ಜಪ್ಪಯ್ಯ ಅನ್ನಲಿಲ್ಲ.

"ಕೆಡೋದು ಅಂದ್ರೆ ಒಂದೊಂದೂ ಒಂದೊಂದು ಥರ ಕೆಡ್ಬೇಕಲ್ವಾ ಭಾವ? ಇವೇನು, ಮಾತಾಡ್ಕೊಂಡವರ ಹಾಗೆ ನಾಲ್ಕೂ ಒಂದೇ ಸಮ ಸೋರ್ತಿವೆ?"

ಗನ್ನಿನ ಮೈಯನ್ನು ಒರೆಸಿ ಬೆಳಕಿಗೆ ಹಿಡಿದಳು. ಒಳಗೆ, ಗುಂಡು ಕೂರುವ ಜಾಗದ ಪಕ್ಕದಲ್ಲೇ ಕೂದಲೆಳೆಯಷ್ಟು ತೂತು. ಅಂಚು ಎಳ್ಳಷ್ಟೂ ಒರಟಿಲ್ಲ. ಉಳಿದ ಮೂರರಲ್ಲೂ ಅದೇ ಜಾಗದಲ್ಲಿ ಅದೇ ತೂತು.

"ನೋಡಿದ್ಯಾ! ಈ ಜಾಗ ಮಾರಿದ ಮುದುಕ ನನಗೆ ಸರಿಯಾಗಿ ಟೋಪಿ ಹಾಕಿದ್ದಾನೆ," ಅಂದ ಭಾವ.

"ಟೋಪಿ ಹಾಕೋರು ಇಷ್ಟು ಚೆಂದವಾಗಿ ತೂತು ಕೊರೀತಾರಾ?"

ಭಾವನ ಹತ್ತಿರ ತೂತಿಲ್ಲದ ಹೊಸ ಗನ್ನುಗಳು ಎರಡೇ ಇದ್ದವು. ಅವನ ಸಮಾಧಾನಕ್ಕೆ ಅವನ್ನು ಮೊದಲೆರಡು ಅಂಕಣಕ್ಕೆ ಹಾಕಿದಳು. ಅಲ್ಲಿ ನೀರು ಗಪ್‌ಚಿಪ್ ನಿಂತಿತು. ಅವಳ ತಲೆಯೊಳಗಿನ ಹುಳ ಮಾತ್ರ ನಿಲ್ಲಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಧ್ಯಾನ.

"ತಟ್ಟೆ ಎತ್ತಿ ಏನೇ ನೋಡ್ತಿದ್ದೀಯಾ? ಅದೂ ಸೋರ್ತಿದೆಯಾ?" ಅಂತ ಅಕ್ಕ ಗದರಿದಳು.

ಆ ರಾತ್ರಿಯೇ ವರ್ಷದ ಮೊದಲ ಹಿಮ ಬಿತ್ತು. ಬೆಳಗ್ಗೆ ಹೋಗಿ ನೋಡಿದರೆ ಮೊದಲೆರಡು ಅಂಕಣದ ಪೈಪುಗಳು ದೊಣ್ಣೆಯ ಹಾಗೆ ಸೆಟೆದು ನಿಂತಿದ್ದವು. ಹೊಸ ಗನ್ನುಗಳ ಪಕ್ಕೆ ಬಿರಿದು ಒಳಗಿನ ಮಂಜುಗಡ್ಡೆ ಹೊರಗಿಣುಕುತ್ತಿತ್ತು. ಮೂರು, ನಾಲ್ಕರಲ್ಲಿ ಮಾತ್ರ ಎಂದಿನ ಹಾಗೆ ಸಣ್ಣ ಧಾರೆ. ಕುದುರೆ ಒತ್ತಿದರೆ ನೀರು ಭರ್ರನೆ ಚಿಮ್ಮಿತು.

ಭಾವ ತಲೆಮೇಲೆ ಕೈ ಹೊತ್ತು ಕೂತ. ಪಾನಾಳ ಕಣ್ಣು ಮಾತ್ರ ಅರಳಿತು. "ಹರಿಯೋ ನೀರು ಗಟ್ಟಿಯಾಗಿಲ್ಲ ನೋಡಿ! ಇದು ತಾನಾಗಿ ಸೋರ್ತಿರೋದಲ್ಲ, ಬೇಕಂತಲೇ ಸೋರಿಸ್ತಿರೋದು. ಆದ್ರೆ ಬೇಸಿಗೇಲಿ ಯಾಕೆ?"

ಕೇಳಿಯೇ ಬಿಡೋಣವೆಂದು ನೆಟ್ಟಗೆ ಹಳೇ ಯಜಮಾನರ ಮಗಳ ಮನೆಗೆ ಹೋದಳು. ಮಂಡಿನೋವು ಅಂತ ಜಾಗ ಮಾರಿದ ಮನುಷ್ಯ, ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದರು. ತೂತು ಅಂದದ್ದೇ ತಡ, ಮುಖ ಅರಳಿತು.

"ಕಂಡುಹಿಡಿದ್ಯಾ? ನಾನೇ ಕೂತು ಕೊರೆದದ್ದು. ಪಂಪಿನ ಹಿಂದೆ ಗೋಡೆಗೆ ಅಂಟಿಕೊಂಡು ಒಂದು ಸಣ್ಣ ವಾಲ್ವ್ ಇದೆಯಮ್ಮ, ತೂತಿಗೆ ನೀರು ಬಿಡೋದು ಅದೇ. ಅದನ್ನ ಚಳಿಗಾಲಕ್ಕೆ ತೆರೆಯೋದು, ಬೇಸಿಗೆಗೆ ಮುಚ್ಚೋದು. ಕೀಲಿಕೈ ಕೊಟ್ಟ ದಿನವೇ ಎಲ್ಲಾ ಹೇಳಿದ್ದೆ. ನಿಮ್ಮ ಭಾವ ಹೂಂ ಹೂಂ ಅಂತ ತಲೆ ಆಡಿಸ್ತಾನೇ ಇದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಬೇಡವೆಂದರೂ ಕೇಳದೆ ಯಜಮಾನರು ಊರುಗೋಲು ಹಿಡಿದು ಜೊತೆಗೇ ಹೊರಟರು. ಪಂಪಿನ ಹಿಂದೆ ಕೈ ತೂರಿಸಿ ತಡಕಿದಾಗ ವಾಲ್ವ್ ಸಿಕ್ಕಿತು. ಅದರ ಹಿಡಿ ಜಾಗ ಮಾರಿದ ಮೇಲೆಂದೋ ಮುರಿದುಬಿದ್ದಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಾನಾ ಹೊಸ ಹಿಡಿ ಹಾಕಿ, ಒಡೆದ ಗನ್ನುಗಳನ್ನು ಕಿತ್ತು ತೂತಿನ ಗನ್ನುಗಳನ್ನೇ ಮರಳಿ ಜೋಡಿಸಿದಳು.

"ಯಜಮಾನ್ರೇ, ನಿಮ್ಮನ್ನ ಸುಮ್‌ಸುಮ್ನೆ ಬೈದುಬಿಟ್ಟೆ," ಅಂದ ಭಾವ ತಲೆ ತಗ್ಗಿಸಿ.

"ಅದಕ್ಕೇ ಅನ್ನಿ, ಬೇಸಿಗೆಯಿಡೀ ನನಗೆ ಬಿಕ್ಕಳಿಕೆ!"

ಭಾವನೂ ನಕ್ಕುಬಿಟ್ಟ. ಪಾನಾ ಆಗಲೇ ಟಾರ್ಚು ಹಿಡಿದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅಲ್ಲಿ ಹೆಬ್ಬೆರಳು ಗಾತ್ರದ ಪೈಪೊಂದು ನೆಲದಿಂದೆದ್ದು ಗೋಡೆಯೊಳಗೆ ಮಾಯವಾಗಿತ್ತು.

"ಇದು ಎಲ್ಲಿಗೆ ಹೋಗುತ್ತೆ ಯಜಮಾನ್ರೇ?"

ಯಜಮಾನರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಅದಾ? ನಾನು ಬಂದಾಗಲೂ ಇತ್ತು. ದೇವರಾಣೆ ನನಗೂ ಗೊತ್ತಿಲ್ಲ ಕಣಮ್ಮ."

ಅವಳು ಪಕ್ಕದಲ್ಲಿ ಬಿದ್ದಿದ್ದ ತನ್ನ ಪಾನಾಗೆ ಕೈ ಚಾಚಿದಳು.