ಉಡಿ ತುಂಬಿಸಿಕೊಂಡ ಕಾರು

ಒಂದಾನೊಂದು ಕಾಲದಲ್ಲಿ, ಕಡಲ ದಂಡೆಯ ಮೇಲಿನ ದೊಡ್ಡ ಪಟ್ಟಣದಲ್ಲಿ, ಬೆಂಕಿ ಉಂಡು ಹೊಗೆ ಬಿಡುವ ಒಂದು ಮನೆಯಿತ್ತು. ಆ ಮನೆಯ ತುಂಬ ಹೆಣ್ಣುಮಕ್ಕಳು. ಎಲ್ಲರಿಗೂ ಒಂದೇ ಮೂಗು, ಒಂದೇ ಬಾಯಿ, ರೆಪ್ಪೆಯಿಲ್ಲದ ಎರಡು ದುಂಡು ಕಣ್ಣು. ಬೆಳಗಾದರೆ ಒಂದಿಷ್ಟು ಮಂದಿ ಹುಟ್ಟುವರು, ಮೈಗೆ ಬಣ್ಣ ಹಚ್ಚಿಸಿಕೊಂಡು ಬಾಗಿಲು ದಾಟಿ ಹೊರಟುಹೋಗುವರು. ತಿರುಗಿ ಆ ಮನೆಗೆ ಬಂದವರು ಒಬ್ಬರೂ ಇಲ್ಲ. ಅವರಲ್ಲಿ ಒಬ್ಬಳು ನಾನು.

ನಾನು ಒಂದು ಕಾರು. ಲಾರಿಯ ಬೆನ್ನೇರಿ, ಘಟ್ಟ ಹತ್ತಿ, ಕಪ್ಪು ಮಣ್ಣಿನ ಸೀಮೆಗೆ ಬಂದೆ. ಗದಗಿನಲ್ಲಿ ನನ್ನನ್ನು ಇಳಿಸಿಕೊಂಡವರು ಹತ್ತಿ ದಲಾಲ ಸಂಗನಬಸಪ್ಪನವರು. ಅವರಿಗೂ ಅವರ ಹೆಂಡತಿ ಗೌರವ್ವನಿಗೂ ಮಕ್ಕಳಿರಲಿಲ್ಲ. ಗೌರವ್ವ ಆರತಿ ತಟ್ಟೆ ಹಿಡಿದು ಬಂದು, ನನ್ನ ಎರಡು ದೀಪಗಳ ನಡುವೆ ಕುಂಕುಮವಿಟ್ಟು, ಹಿಂದೆ ಸರಿದು ನನ್ನನ್ನೇ ದಿಟ್ಟಿಸಿದಳು.

“ನೋಡ್ರಿ, ಮಕಾ ಥೇಟ್ ನನ್ನಂಗ ಐತಿ” ಅಂದಳು.

“ಐತಿ ಖರೆ. ಆದ್ರ ನಿನಗಿಂತ ಮೆತ್ತಗ ಮಾತಾಡ್ತೈತಿ” ಅಂದರು ದಲಾಲರು.

ಆ ಮನೆಯಲ್ಲಿ ನಾನು ಮಗಳಂತೆಯೇ ಬೆಳೆದೆ. ಗೌರವ್ವ ನನ್ನ ಗಾಜನ್ನು ತನ್ನ ಸೆರಗಿನಿಂದಲೇ ಒರೆಸುವಳು. ಬಿಸಿಲಿಗೆ ನಿಲ್ಲಿಸಿದರೆ ಗಂಡನಿಗೆ ಬೈಯುವಳು. ಅಂಥ ಸುಖದ ದಿನಗಳ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಹತ್ತಿಯ ವಾಸನೆ, ದಲಾಲರ ಕೆಮ್ಮು, ಹಿಂದಿನ ಸೀಟಿನಲ್ಲಿ ಗೌರವ್ವನ ಗುನುಗು. ಹೀಗೇ ವರ್ಷಗಳು ಹೋದವು.

ದಲಾಲರು ತೀರಿಕೊಂಡ ಮೇಲೆ ಮೈದುನಂದಿರು ನನ್ನನ್ನು ಹೊಸಪೇಟೆಯ ಲಾಡ್ಜಿನವರಿಗೆ ಕೊಡುವುದೆಂದು ಮಾತಾಡಿಕೊಂಡರು. ಗೌರವ್ವನನ್ನು ಯಾರೂ ಕೇಳಲಿಲ್ಲ. ನಾನು ಹೊರಡುವ ದಿನ, ಗಂಡಸರು ಒಳಗೆ ಚಹಾ ಕುಡಿಯುತ್ತಿದ್ದಾಗ, ಆಕೆ ಹಿತ್ತಿಲ ಬಾಗಿಲಿನಿಂದ ಬಂದಳು. ಸೆರಗಿನಲ್ಲಿ ಅಕ್ಕಿ, ಎರಡು ಅರಿಸಿನ ಬೇರು, ಅಡಿಕೆ, ಉತ್ತತ್ತಿ ಇದ್ದವು. ಮಗಳು ಬರಿಯ ಉಡಿಯಲ್ಲಿ, ಬರಿ ಮಡಿಲಲ್ಲಿ, ಮನೆ ಬಿಡಬಾರದು. ಆದರೆ ಗಂಡ ಸತ್ತವಳು ಉಡಿ ತುಂಬಬಾರದು ಎಂಬ ಮಾತೂ ಆ ಓಣಿಯಲ್ಲಿತ್ತು. ಅದಕ್ಕೇ ಆ ಕಳ್ಳ ಹೆಜ್ಜೆ.

ಬಂದಳು, ಬಂದವಳಿಗೆ ಉಡಿ ಎಲ್ಲಿ ತುಂಬುವುದೋ ತಿಳಿಯದಾಯಿತು. ನನಗೆ ಸೆರಗೆಲ್ಲಿ? ಸೀಟಿನ ಮೇಲಿಟ್ಟರೆ ಯಾರಾದರೂ ಕೊಡವಿ ಎಸೆಯುತ್ತಾರೆ. ಸುತ್ತ ಒಮ್ಮೆ ನೋಡಿ, ಪೆಟ್ರೋಲು ಹಾಕುವ ಮುಚ್ಚಳವನ್ನು ತಿರುವಿ ತೆಗೆದಳು. ಮುಷ್ಟಿ ಮುಷ್ಟಿಯಾಗಿ ಅಕ್ಕಿ ಒಳಗೆ ಇಳಿಯಿತು. ಅರಿಸಿನ ಬೇರು ಟಣ್ಣೆಂದು ತಳಕ್ಕೆ ಬಿತ್ತು.

“ಹೊಟ್ಟಿ ತುಂಬಾ ಇರು ನನ್ನವ್ವಾ. ಹೋದ ಮನ್ಯಾಗ ಛಲೋ ಅನಿಸ್ಕೊ.”

ಹೋದ ಮನೆಯಲ್ಲಿ ನಾನು ಛಲೋ ಅನ್ನಿಸಿಕೊಳ್ಳಲಿಲ್ಲ. ನಿಂತಾಗ ಆ ಉಡಿ ಪೆಟ್ರೋಲು ಟಾಕಿಯ ತಳದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಓಡತೊಡಗಿದರೆ, ಪೆಟ್ರೋಲು ಹೀರುವ ಸಣ್ಣ ಕೊಳವೆಯ ಬಾಯಿಗೆ ಅಕ್ಕಿಯ ಕಾಳು, ಉತ್ತತ್ತಿಯ ಸಿಪ್ಪೆ ಬಂದು ಕಚ್ಚಿಕೊಳ್ಳುವುವು. ನಾನು ಉಸಿರುಗಟ್ಟಿ ನಿಲ್ಲುವೆ. ನಿಂತ ಸ್ವಲ್ಪ ಹೊತ್ತಿಗೆ ಕಾಳುಗಳು ತಾವಾಗಿಯೇ ಕಳಚಿ ಕೆಳಗಿಳಿಯುವುವು. ಮೆಕ್ಯಾನಿಕ್ಕು ಬಂದು ಕೀಲಿ ತಿರುವಿದರೆ ಏನೂ ಆಗದವಳಂತೆ ನಗುತ್ತ ಹೊರಡುವೆ. ಊರ ಹೊರಗೆ ಹೋಗಿ ಮತ್ತೆ ನಿಲ್ಲುವೆ. ಹೇಳೋಣವೆಂದರೆ ನನಗಿದ್ದದ್ದು ಹಾರ್ನು ಒಂದೇ. ಅದರಲ್ಲಿ ಒಂದೇ ಅಕ್ಷರ.

“ಈ ಗಾಡೀಗೆ ಯಾರೋ ಮಾಟ ಮಾಡ್ಸವ್ರೆ” ಅಂದ ಲಾಡ್ಜಿನ ಡ್ರೈವರು. ಮಾಟವಲ್ಲ, ಮುದ್ದು ಎಂದು ಅವನಿಗೆ ಹೇಗೆ ತಿಳಿಯಬೇಕು?

ಕೈಯಿಂದ ಕೈಗೆ ಜಾರುತ್ತ ಜಾರುತ್ತ, ಗದಗಿನ ಹೊರಗಿನ ಒಂದು ಇಟ್ಟಿಗೆ ಭಟ್ಟಿಯ ಹಿಂದೆ ಬಂದು ಬಿದ್ದೆ. ಗಾಲಿಯಲ್ಲಿ ಗಾಳಿ ಇಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳ ಸಂಸಾರ. ಅವುಗಳಿಗೂ ನನ್ನ ನಮಸ್ಕಾರ ಇರಲಿ. ಯಾರೂ ಮುಟ್ಟದ ಆ ವರ್ಷಗಳಲ್ಲಿ ನನ್ನನ್ನು ಬೆಚ್ಚಗಿಟ್ಟವು ಅವೇ.

ಅಲ್ಲಿಗೆ ಒಂದು ದಿನ ಈರಭದ್ರಪ್ಪ ಎಂಬ ಟೇಲರ್ ಮಾಸ್ತರ ಬಂದರು. ಭಟ್ಟಿಯ ಮಾಲೀಕನ ಮಗನ ಮದುವೆ, ಮನೆಮಂದಿಯ ಬಟ್ಟೆಗೆಲ್ಲ ಅಳತೆ ತೆಗೆದುಕೊಳ್ಳಬೇಕಿತ್ತು. ಅಳತೆ ಮುಗಿಸಿ ಹೋಗುವಾಗ ನನ್ನನ್ನು ಕಂಡರು. ಕೊರಳಿನ ಟೇಪು ತೆಗೆದು, ಯಾಕೋ ಏನೋ, ನನ್ನ ಮೂಗಿನಿಂದ ಬಾಲದವರೆಗೆ ಅಳೆದರು. ಹೊಲಿಗೆಯ ಕೂಲಿಗೆ ಬದಲಾಗಿ ನನ್ನನ್ನೇ ಕೇಳಿದರು. ಎತ್ತಿನ ಬಂಡಿಗೆ ಕಟ್ಟಿ ಮನೆಗೆ ಎಳೆಸಿಕೊಂಡು ಬಂದರು.

ಅವರ ಹೆಂಡತಿ ಸುವರ್ಣವ್ವ ಬಾಗಿಲಲ್ಲೇ ನಿಂತಿದ್ದಳು. “ಎಮ್ಮಿ ತರ್ತೀನಂತ ಹೇಳ್ಕೋತ ಇದ್ರಿ. ಇದೇನ್ರಿ, ತಗಡ ತಂದೀರಿ? ಇದನ್ನ ಎಲ್ಲಿ ಹಿಂಡ್ಲಿ?”

ಅಷ್ಟರಲ್ಲಿ ಅವರ ಪುಟ್ಟ ಮಗಳು ಮಂದಾಕಿನಿ ನನ್ನೊಳಗೆ ನುಗ್ಗಿಯಾಗಿತ್ತು. “ಅಪ್ಪಾ! ಗಾಡಿ ತತ್ತಿ ಇಟ್ಟೈತಿ!” ಎಂದು ಕೋಳಿಮೊಟ್ಟೆ ಎತ್ತಿ ತೋರಿಸಿದಳು. ಸುವರ್ಣವ್ವನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ದಯೆಯಿಂದ ನನಗೆ ಅಂಗಳದಲ್ಲಿ ಜಾಗ ಸಿಕ್ಕಿತು.

ಮಂದಾ ಸ್ಟೇರಿಂಗು ಹಿಡಿದು ಕೇಳಿದಳು, “ಇದರಾಗ ನನ್ನ ಎಲ್ಲಿಗೆ ಕರಕೊಂಡ ಹೋಗ್ತಿ?”

“ಹೋಗೂದಕ್ಕ ಬಸ್ಸು, ರೈಲು ಎಲ್ಲಾ ಅದಾವು. ನೀ ಎಲ್ಲಿದ್ರೂ ಅಲ್ಲಿಂದ ಮನಿಗೆ ಕರಕೊಂಡ ಬರ್ತೀನಿ” ಅಂದರು ಮಾಸ್ತರ.

“ಆಣಿ?”

“ಆಣಿ.”

ಅಂದಿನಿಂದ ಮಾಸ್ತರರ ರವಿವಾರಗಳೆಲ್ಲ ನನ್ನವಾದವು. ಅವರಿಗೆ ಮೆಕ್ಯಾನಿಕ್ಕಿನ ವಿದ್ಯೆ ಯಾರೂ ಕಲಿಸಿರಲಿಲ್ಲ. ಗೊತ್ತಿದ್ದದ್ದು ಹೊಲಿಗೆ. ಅದೇ ಕೈಯಿಂದ ನನ್ನನ್ನೂ ಬಿಚ್ಚಿದರು. ಬಿಚ್ಚಿದ ಬೋಲ್ಟು, ನಟ್ಟುಗಳು ಗುಂಡಿಯ ಡಬ್ಬಿಗಳಿಗೆ ಹೋದವು. ತುಕ್ಕು ತಿಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಬಿತ್ತು. ಕೆಟ್ಟ ತಗಡು ಕತ್ತರಿಸಿ, ಅಷ್ಟೇ ಅಳತೆಯ ಹೊಸ ತುಂಡು ಬೆಸೆಸಿ, “ತೇಪಿ ಅನ್ನೂದು ಗೊತ್ತಾಗಬಾರ್ದು ನೋಡು” ಎಂದು ಬೆರಳಾಡಿಸಿ ನೋಡುವರು. ಸೀಟುಗಳಿಗೆ ತಮ್ಮ ಮಷೀನಿನಲ್ಲೇ ಕೆಂಪು ರೆಕ್ಸಿನ್ ಹೊಲಿದರು. ಬಣ್ಣದ ಅಂಗಡಿಗೆ ಹೋಗಿ ಮಾದರಿಗೆಂದು ಜೇಬಿನಿಂದ ನವಿಲು ಬಣ್ಣದ ದಾರದ ಉಂಡೆ ತೆಗೆದಿಟ್ಟಾಗ ಅಂಗಡಿಯವನು, “ಮಾಸ್ತರ, ಕಾರಿಗೋ, ಕುಬುಸದ ಅಸ್ತರಕ್ಕೋ?” ಅಂದನಂತೆ. ಈ ಸಂಗತಿಯನ್ನು ಅವರೇ ಬಂದು ನನ್ನೆದುರು ಹೆಂಡತಿಗೆ ಹೇಳಿ ನಕ್ಕರು.

ಎಂಜಿನನ್ನೂ ಬಿಚ್ಚಿ ಜೋಡಿಸಿದರು. ಹುಬ್ಬಳ್ಳಿಯ ಗುಜರಿಯಿಂದ ಕಾರ್ಬುರೇಟರ್ ತಂದರು, ಪಂಪು ಬದಲಿಸಿದರು, ಪ್ಲಗ್ಗು ಬದಲಿಸಿದರು, ವೈರುಗಳನ್ನೆಲ್ಲ ಹೊಸದಾಗಿ ಎಳೆದರು. ನಾನು ಎದ್ದು ಕೂತೆ, ಗುರುಗುಟ್ಟಿದೆ, ಓಣಿಯ ತಿರುವಿನವರೆಗೆ ಓಡಿದೆ. ಅಲ್ಲಿ ಉಸಿರುಗಟ್ಟಿ ನಿಂತೆ. ಸರಿಮಾಡಿದರು, ಮತ್ತೆ ನಿಂತೆ. ಅವರು ಮುಟ್ಟದೆ ಬಿಟ್ಟದ್ದು ಟಾಕಿಯನ್ನು ಮಾತ್ರ. ಅದಕ್ಕೊಂದು ಕಾರಣವಿತ್ತು. ಗಟ್ಟಿ ಇದ್ದ ಹೊಲಿಗೆಯನ್ನು ಅವರು ಎಂದೂ ಬಿಚ್ಚುತ್ತಿರಲಿಲ್ಲ. ಬಟ್ಟೆ ದುರಸ್ತಿಗೆ ಬಂದಾಗಲೂ ಅದೇ ನೇಮ. ನನ್ನ ಮೈಯಲ್ಲಿ ತೂತಿಲ್ಲದ, ಸೋರದ, ಒಂದೇ ಒಂದು ಗಟ್ಟಿ ಜಾಗವೆಂದರೆ ಟಾಕಿ. ಅದನ್ನು ತಟ್ಟಿ, “ಇದೊಂದು ಛಲೋ ಐತಿ” ಎಂದು ಮುಂದಕ್ಕೆ ಹೋಗುವರು. ಒಳಗೆ ನನ್ನ ಗೌರವ್ವನ ಕೈ ತುತ್ತು ಗಂಟಲಿಗೆ ಸಿಕ್ಕಿಕೊಂಡೇ ಇರುತ್ತಿತ್ತು.

ಮಂದಾ ಬೆಳೆದಳು. ಕೊಪ್ಪಳದ ಮನೆಗೆ ಅವಳ ಮದುವೆ ಗೊತ್ತಾಯಿತು. ಅಕ್ಷತೆಯ ಹಿಂದಿನ ದಿನ ಕಲ್ಯಾಣ ಮಂಟಪಕ್ಕೆ ಅವಳನ್ನು ನನ್ನಲ್ಲೇ ಕರೆದೊಯ್ಯುತ್ತೇನೆಂದರು ಮಾಸ್ತರ. ಹೂವಿನ ಹಾರ ತೊಡಿಸಿದರು. ಓಣಿಯ ತಿರುವಿನಲ್ಲಿ, ಬ್ಯಾಂಡಿನವರ ಎದುರಿಗೆ, ಬೀಗರ ಎದುರಿಗೆ ನಾನು ನಿಂತುಬಿಟ್ಟೆ. ಮದುಮಗಳು ಇಳಿದು ಬೀಗರ ಜೀಪು ಹತ್ತಿದಳು. ಬೀಗತಿ ಚಂಪವ್ವ, ಅಂದರೆ ಮಂದಾಳ ಅತ್ತೆ, ಎಲ್ಲರಿಗೂ ಕೇಳುವಂತೆ ಅಂದಳು: “ಬೀಗರು ಗಾಡೀನೂ ಹೊಲದಾರಂತ. ದಾರ ಕಡಕೊಂತು ನೋಡ್ರಿ!”

ನಗೆ ಎದ್ದಿತು. ಮಾಸ್ತರ ನಗಲಿಲ್ಲ. ಮದುವೆ ಮುಗಿದ ಮೇಲೆ ನನ್ನ ಮೇಲೆ ತಾಡಪಾಲು ಹೊದಿಸಿದರು. ರವಿವಾರಗಳಲ್ಲಿ ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಒಂದು ಸಲ ಗುಜರಿಯವನು ಬಂದು ತಾಡಪಾಲಿನ ಮೂಲೆ ಎತ್ತಿ ನನ್ನನ್ನು ನೋಡಿ ಹೋದ. ಅವನನ್ನು ಕರೆಸಿದ್ದು ಮಾಸ್ತರರೇ ಎಂದು ನನಗೆ ತಿಳಿಯಿತು. ಆದರೂ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಆಮೇಲೆ ಕೊಪ್ಪಳದಿಂದ ಫೋನು ಬಂತು. ಮಂದಾ ಬಸುರಿ. ಚೊಚ್ಚಲು. ಕುಬುಸ, ಅಂದರೆ ಸೀಮಂತ, ಮಾಡಿದ ಮೇಲೆ ಹೆರಿಗೆಗೆ ತವರಿಗೆ ಕರೆತರಬೇಕು. ಅಂಗಳದಲ್ಲಿ ನಿಂತು ಸುವರ್ಣವ್ವ ಜೋರಾಗಿ ಮಾತಾಡುತ್ತಿದ್ದಳು.

“ಜೀಪು ಹೇಳ್ತಾರ ನಿಮ್ಮಪ್ಪ... ಏನಂದಿ? ಹುಚ್ಚಿ ಏನ ನೀ? ರೀ, ತಗೋರಿ, ನಿಮ್ಮ ಮಗಳು ಏನಂತಾಳ ಕೇಳ್ರಿ.”

ಮಾಸ್ತರ ಫೋನು ಕಿವಿಗಿಟ್ಟುಕೊಂಡರು. ಮಂದಾಳ ದನಿ ತಾಡಪಾಲಿನೊಳಗಿನ ನನಗೂ ಕೇಳಿತು.

“ಅಪ್ಪಾ, ನಾ ಬಂದ್ರ ನಿನ್ನ ಗಾಡ್ಯಾಗ ಬರ್ತೀನಿ. ಇಲ್ಲಂದ್ರ ಇಲ್ಲೇ ಹೆರತೀನಿ. ಇವರು ದಿನಾ ದಾರ, ದಾರ ಅಂತಾರ. ನನಗ ಸಾಕಾಗೇತಿ.”

“ಅದು ನಡು ದಾರ್ಯಾಗ ನಿಂತ್ರ ಏನ್ ಮಾಡ್ತಿವ? ತುಂಬಿದ ಬಸರಿ ನೀ.”

“ನಿಲ್ಲದಂಗ ಮಾಡು. ಆಣಿ ಮಾಡಿದಿ ನೀ.”

ಫೋನು ಇಟ್ಟು ಮಾಸ್ತರ ನೇರ ನನ್ನ ಹತ್ತಿರ ಬಂದರು. ಕೂಸು ತಾಯಿಯ ತವರಿನಲ್ಲಿ ಹುಟ್ಟುವುದೂ, ಮಗಳು ತಲೆಯೆತ್ತಿ ಬರುವುದೂ ಎರಡೂ ಈಗ ನನ್ನ ಮೇಲೆ ನಿಂತಿದ್ದವು. ತಾಡಪಾಲು ಎಳೆದರು. ಬಿಸಿಲು ಕಣ್ಣಿಗೆ ಹೊಡೆಯಿತು. ಎಂಥ ಚೆಂದದ ಬಿಸಿಲು ಅದು!

ಮತ್ತೆ ಎಲ್ಲವನ್ನೂ ಬಿಚ್ಚಿದರು. ಮತ್ತೆ ಎಲ್ಲವೂ ಸರಿಯಾಗಿತ್ತು. ಸುವರ್ಣವ್ವ ಚಹಾ ತಂದಿಟ್ಟಾಗ ಅವರು ನನ್ನ ಹಿಂದೆ ಮಣ್ಣಿನಲ್ಲಿ ಕೂತಿದ್ದರು.

“ಬಿಚ್ಚೂದು ಏನೂ ಉಳದಿಲ್ಲ ಸುವರ್ಣಾ.”

“ಇದೇನ್ ಐತಿ ಮತ್ತ?” ಅವಳು ಕಾಲಿನಿಂದ ತೋರಿಸಿದಳು.

“ಟಾಕಿ. ಅದು ಗಟ್ಟಿ ಐತಿ. ಗಟ್ಟಿ ಇದ್ದಲ್ಲಿ ನಾ ಕತ್ತರಿ ಹಚ್ಚಂಗಿಲ್ಲ.”

“ಕತ್ತರಿ ಹಚ್ಚಂತ ಯಾರಂದ್ರು? ನಾ ಕೊಡಾ ಬೋರಲ ಹಾಕಿ ತೊಳೀತೀನಲ್ಲ, ಹಂಗ ತೊಳೀರಿ.”

ಮಾಸ್ತರ ಅವಳನ್ನು ನೋಡಿದರು, ಟಾಕಿಯನ್ನು ನೋಡಿದರು. ಚಹಾ ಆರಿಹೋಯಿತು. ಪಟ್ಟಿ ಸಡಿಲಿಸಿ, ಟಾಕಿ ಇಳಿಸಿ, ಇಬ್ಬರೂ ಸೇರಿ ಬೋರಲು ಹಾಕಿ ಅಲ್ಲಾಡಿಸಿದರು. ಮೊದಲು ಕೆಂಪಾದ ಪೆಟ್ರೋಲು ಬಂತು. ಆಮೇಲೆ ಕಾಳು. ಕಪ್ಪಾದ, ಅಂಟಂಟಾದ ಕಾಳು. ಕೊನೆಗೆ ಟಣ್ಣೆನ್ನುತ್ತ ಒಂದು ಬೇರು ಹೊರಬಿತ್ತು.

“ಇಲಿ ತುಂಬ್ಯಾವೇನು?” ಅಂದರು ಮಾಸ್ತರ.

ಸುವರ್ಣವ್ವ ಬೇರನ್ನು ಉಗುರಿನಿಂದ ಕೆರೆದಳು. ಹಳದಿ ಕಂಡಿತು. ಮಣ್ಣಿನಲ್ಲಿ ಕೈಯಾಡಿಸಿ ಇನ್ನೊಂದು ಬೇರು, ಅಡಿಕೆ, ಉತ್ತತ್ತಿಯ ಬೀಜ ಆರಿಸಿ ಅಂಗೈಯಲ್ಲಿಟ್ಟುಕೊಂಡಳು. ಆಕೆಯ ದನಿ ಒಮ್ಮೆಲೇ ಬದಲಾಯಿತು.

“ಇಲಿ ಅಲ್ರಿ. ಉಡಿ. ಯಾವಾಕಿನೋ ಇದಕ್ಕ ಉಡಿ ತುಂಬ್ಯಾಳ. ಸೆರಗ ಇಲ್ಲದಾಕಿಗೆ ಹೊಟ್ಟಿಗೇ ಹಾಕ್ಯಾಳ್ರೀ!”

ಇಬ್ಬರೂ ನಕ್ಕರು. ನಗುತ್ತಲೇ ಸುವರ್ಣವ್ವ ಕಣ್ಣೊರೆಸಿಕೊಂಡಳು. “ಮಗಳಂತ ಕಳಿಸಿದ್ದನ್ನ ನಾವು ದರಿದ್ರದ ಗಾಡಿ ಅಂತ ಬೈದಿವಲ್ರಿ” ಎಂದು, ನನ್ನ ದೀಪಗಳ ನಡುವೆ ಕೈಯಾಡಿಸಿದಳು. ಆ ಕಾಳುಗಳನ್ನು ಯಾರೂ ತುಳಿಯದ ಗೋಡೆಯ ಮೂಲೆಯಲ್ಲಿ ಕುಣಿ ತೋಡಿ ಮುಚ್ಚಿದಳು.

ಗೌರವ್ವಾ, ನೀನು ಎಲ್ಲಿದ್ದೀಯೋ, ಇದ್ದೀಯೋ ಇಲ್ಲವೋ. ನನ್ನನ್ನು ಕೆಡಿಸಿದವಳು ನೀನೇ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಾನು ಹಾಗೆ ನಿಂತು ನಿಂತು ಹೋಗದಿದ್ದರೆ, ಕೈಯಿಂದ ಕೈಗೆ ಜಾರದಿದ್ದರೆ, ಈ ಅಂಗಳ ನನಗೆ ಎಲ್ಲಿ ಸಿಗುತ್ತಿತ್ತು?

ಕರೆಯಲು ಹೋದ ದಿನ ಕೊಪ್ಪಳದವರೆಗೆ ನಾನು ಒಂದು ಸಲವೂ ಕೆಮ್ಮಲಿಲ್ಲ. ಕುಬುಸದ ಊಟ ಮುಗಿಯಿತು. ಮಂದಾ ಹಸಿರು ಸೀರೆಯಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲನೆ ಬಂದು ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತಳು. ಚಂಪವ್ವ ಕಿಟಕಿಗೆ ಬಗ್ಗಿದಳು.

“ಬೀಗರ, ಹಗ್ಗ ಇಟ್ಟ ಕಳಸ್ಲೇನ್ರಿ? ನಮ್ಮ ಎತ್ತು ಇವತ್ತ ಖಾಲೀನ ಅದಾವು.”

“ಎತ್ತು ನಿಮಗಿರ್ಲಿ ಬೀಗತಿ, ಹೊಲಾ ಹೂಡಾಕ ಬೇಕಾಗ್ತಾವು” ಅಂದಳು ಸುವರ್ಣವ್ವ. ಚಂಪವ್ವ ಸುಮ್ಮನಿರದೆ ಮಗನನ್ನು ಮೋಟಾರ್ ಸೈಕಲ್ಲಿನಲ್ಲಿ ನಮ್ಮ ಹಿಂದೆ ಕಳಿಸಿದಳು, ಹಗ್ಗ ಸಮೇತ. ಬಾಯಿ ಹಾಗೆ, ಆದರೂ ಸೊಸೆ ದಾರಿಯಲ್ಲಿ ಉಳಿಯಬಾರದೆಂಬ ಕಾಳಜಿ ಆ ಹೆಂಗಸಿಗೂ ಇತ್ತು.

ದಾರಿಯುದ್ದಕ್ಕೂ ಮಾಸ್ತರರ ಅಂಗೈ ಬೆವರು ಸ್ಟೇರಿಂಗಿಗೆ ಹತ್ತುತ್ತಿತ್ತು. ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತಾಗ ಅವರು ಎಂಜಿನು ಆರಿಸಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ! ಗೂಡ್ಸು ಗಾಡಿ ಹೋಗುವವರೆಗೂ ನಾನು ಗುರುಗುಡುತ್ತಲೇ ಇದ್ದೆ. ಸಾಲು ಸಾಲು ಡಬ್ಬಿಗಳು ಹೋದವು. ಗೇಟು ಎದ್ದಿತು. ಲಕ್ಕುಂಡಿ ದಾಟಿದ ಮೇಲೆ ಮಂದಾ ಹೊಟ್ಟೆಯ ಮೇಲೆ ಕೈಯಾಡಿಸಿದಳು.

“ಅಪ್ಪಾ, ಒಳಗ ಇದು ಒದ್ಯಾಕ ಹತ್ತೇತಿ. ಗಾಡಿ ಸಪ್ಪಳ ಇದಕ್ಕ ಸೇರೇತಿ ನೋಡು.”

“ಅಲ್ಲೇ ಕುಂದ್ರಂತ ಹೇಳು. ಮನಿ ಮುಟ್ಟೂತನಕ ಯಾರೂ ಇಳಿಯೂ ಹಂಗಿಲ್ಲ” ಅಂದರು ಮಾಸ್ತರ. ಅಮ್ಮ ಮಗಳು ನಕ್ಕರು. ನನಗೂ ಹಗುರವೆನಿಸಿತು.

ಗದಗಿನ ಪೇಟೆ ಬಂತು. ನಮ್ಮ ಓಣಿ ಬಂತು. ತಿರುವು ಬಂತು. ಅಲ್ಲಿ ಮಾಸ್ತರ ಉಸಿರು ಬಿಗಿಹಿಡಿದದ್ದು ಸೀಟಿನ ಮೂಲಕ ನನಗೆ ತಿಳಿಯಿತು. ನಾನು ತಿರುಗಿದೆ. ಮನೆಯೆದುರು ಬಂದು ನಿಂತರೂ ಅವರ ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ಹಿಂದೆ ಅಳಿಯನ ಮೋಟಾರ್ ಸೈಕಲ್ಲು ಬಂದು ನಿಂತಿತು. ಹಗ್ಗದ ಗಂಟು ಬಿಚ್ಚಿರಲಿಲ್ಲ. ಮಂದಾ ಮೆಲ್ಲನೆ ಇಳಿದಳು. ಇಳಿದು ಬಂದು ಮುಂದಿನ ಕಿಟಕಿಯಲ್ಲಿ ತಂದೆಯ ಭುಜ ಮುಟ್ಟಿದಳು.

“ಬಂದ್ ಮಾಡಪ್ಪಾ. ಮನಿ ಬಂತು.”

ಅವರು ಕೀಲಿ ತಿರುವಿದರು. ಎಷ್ಟೋ ವರ್ಷಗಳ ಮೇಲೆ ಅಂದು ನಾನಾಗಿಯೇ ನಿಲ್ಲಲಿಲ್ಲ. ನಿಲ್ಲು ಅಂದರು, ನಿಂತೆ.