ಅಪ್ಪನ ಕೆಂಪು ಚುಕ್ಕೆ

ಅಪ್ಪ ಅಮ್ಮನಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ನೇಲ್ ಪಾಲಿಶ್ ತಂದುಕೊಟ್ಟಿದ್ದರು. ಕಡುಕೆಂಪು ಬಣ್ಣದ್ದು. ಅಮ್ಮ ಒಂದು ಬೆರಳಿಗೆ ಹಚ್ಚಿ ನೋಡಿ, "ಪಾತ್ರೆ ತಿಕ್ಕೋ ಕೈಗೆ ಇದ್ಯಾಕೆ" ಎಂದು ಕಿಟಕಿಯಲ್ಲಿ ಇಟ್ಟುಬಿಟ್ಟಳು. ಮಾರನೆಯ ದಿನ ಆ ಶೀಶೆ ಅಪ್ಪನ ಗಾಡಿ ರಿಪೇರಿಯ ಗ್ಯಾರೇಜಿಗೆ ಹೋಗಿತ್ತು. ಅಂದಿನಿಂದ ಅಪ್ಪ ತಾವು ಬಿಗಿದು ಮುಗಿಸಿದ ಪ್ರತಿ ಬೋಲ್ಟಿನ ತಲೆಯ ಮೇಲೂ ಒಂದು ಕೆಂಪು ಚುಕ್ಕೆ ಇಡತೊಡಗಿದರು. ಚುಕ್ಕೆ ಇದ್ದರೆ ಬಿಗಿ ಸರಿಯಾಗಿದೆ, ಅದಕ್ಕೆ ನಾನು ಹೊಣೆ ಎಂದರ್ಥ. ಶೀಶೆ ಮುಗಿದಾಗಲೆಲ್ಲ ಅದೇ ಬಣ್ಣ ಹುಡುಕಿ ತರುತ್ತಿದ್ದರು. ಅಂಗಡಿಯವಳು ಅಮ್ಮನನ್ನು ಭಾರಿ ಶೋಕಿಯ ಹೆಂಗಸು ಎಂದುಕೊಂಡಿದ್ದಳಂತೆ. ಅಮ್ಮ ಇದನ್ನು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಚುಕ್ಕೆ ಇಡುವ ಹಕ್ಕು ಗ್ಯಾರೇಜಿನಲ್ಲಿ ಇನ್ಯಾರಿಗೂ ಇರಲಿಲ್ಲ. ನಾನು ಹಾಲುಹಲ್ಲು ಬೀಳುವ ವಯಸ್ಸಿನಿಂದ ಅಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ ಬೆಳೆದವಳು. ಯಾವುದು ಎಷ್ಟನೇ ನಂಬರಿನದು ಎಂದು ಕಣ್ಣು ಮುಚ್ಚಿ ಮುಟ್ಟಿಯೇ ಹೇಳುತ್ತಿದ್ದೆ. ಆದರೂ ಆ ಶೀಶೆಗೆ ಕೈ ಚಾಚಿದರೆ ಸಾಕು, "ನಿನ್ನ ಕೈ ಇನ್ನೂ ಪಳಗಿಲ್ಲ" ಅನ್ನುತ್ತಿದ್ದರು. ಬೇಕಾದ್ದು ಕೇಳಿ, ಚುಕ್ಕೆ ಮಾತ್ರ ಕೇಳಬೇಡಿ. ನಾನು ಕೊನೆಗೆ ಸೀಟ್ ಕವರ್ ಹೊಲಿಯುವ ಅಂಗಡಿ ಹಾಕಿದ್ದು ಆ ಸಿಟ್ಟಿಗೇ ಅಂತಿಟ್ಟುಕೊಳ್ಳಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದೂ ಅವರು ಕೊಟ್ಟ ಆಸ್ತಿಯೇ.

ಅಲ್ಲಿ ಇನ್ನೊಂದು ನಿಯಮವಿತ್ತು. ಕ್ಲಚ್ ಪ್ಲೇಟನ್ನು ಉಲ್ಟಾ ಕೂರಿಸಿದವನು ಮತ್ತೆ ಸ್ಪ್ಯಾನರ್ ಹಿಡಿಯುವಂತಿಲ್ಲ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ, ತಟ್ಟೆಯಷ್ಟಗಲದ ಆ ಪ್ಲೇಟಿಗೆ ಎರಡು ಮುಖ. ಯಾವ ಮುಖ ಎತ್ತ ಎಂಬುದು ತಪ್ಪಿದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಎಲ್ಲ ಜೋಡಿಸಿ, ಗಾಡಿ ಚಾಲೂ ಮಾಡಿ, ಗೇರ್ ಹಾಕಲು ಹೋದಾಗ ಬಣ್ಣ ಬಯಲಾಗುತ್ತದೆ. ಆಮೇಲೆ ಇಡೀ ಎಂಜಿನ್ ಮತ್ತೆ ಇಳಿಸಬೇಕು. "ಅದು ಮರೆವಲ್ಲ, ಅಸಡ್ಡೆ" ಅನ್ನುತ್ತಿದ್ದರು ಅಪ್ಪ. ಒಳ್ಳೊಳ್ಳೆ ಕೆಲಸಗಾರರು ಆ ಒಂದು ತಪ್ಪಿಗೆ ಟೂಲ್ ಬಾಕ್ಸಿನ ಮೇಲೆ ಸ್ಪ್ಯಾನರ್ ಇಟ್ಟು ತಲೆ ತಗ್ಗಿಸಿ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಗ್ಯಾರೇಜು ಮುಚ್ಚಿದ ಮೇಲೆ ಉಳಿದದ್ದು ಮನೆಯ ಹಿಂದಿನ ತಗಡಿನ ಶೆಡ್ಡು ಮತ್ತು ಹಳೆಯ ಫೋರ್ ವೀಲ್ ಜೀಪು. ಕೆಸರಿನಲ್ಲಿ ಹೂತವರ ಲಾರಿಗಳನ್ನು ಎಳೆದು ಎಳೆದು ಅದರ ಎಂಜಿನ್ ಸುಸ್ತಾಗಿತ್ತು. ಅಪ್ಪ ಅದನ್ನು ಇಳಿಸಿ, ಬೋರು ಮಾಡಿಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಹಾಕಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಉಳಿದ ರೆಕ್ಸಿನ್ನಿನಲ್ಲಿ ನಾನು ಅದಕ್ಕೊಂದು ಹೊದಿಕೆ ಹೊಲಿದುಕೊಟ್ಟೆ. ಅದು ಹಾಗೇ ಹೊದ್ದುಕೊಂಡು ನಿಂತಿದ್ದಾಗ ಅಪ್ಪನ ಮರೆವು ಶುರುವಾಯಿತು.

ಮೊದಮೊದಲು ಕನ್ನಡಕ, ಚಪ್ಪಲಿ. ಆಮೇಲೆ ಊಟ ಮಾಡಿ ಕೈ ತೊಳೆದು ಬಂದವರು, "ಇವತ್ತು ಅಡುಗೆ ಆಗ್ಲಿಲ್ವಾ" ಎಂದು ಅಮ್ಮನನ್ನು ಕೇಳಿದರು. ತಮಾಷೆ ಮಾಡುತ್ತಿದ್ದಾರೆಂದು ಅಮ್ಮ ನಕ್ಕಳು. ಅವರು ನಗದಿದ್ದುದನ್ನು ಕಂಡು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಂದು ದಿನ ಶೆಡ್ಡಿನಲ್ಲಿ ಗ್ಯಾಸ್ ವೆಲ್ಡಿಂಗಿನ ಬೆಂಕಿಯನ್ನು ಆರಿಸದೆ ಮಲಗಲು ಬಂದುಬಿಟ್ಟರು. ಒಂದು ಮೂಲೆ ಸುಟ್ಟು ಕಪ್ಪಾಯಿತು, ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು.

ಅಣ್ಣನದು ಔಷಧಿ ಅಂಗಡಿ, ಎಲ್ಲದಕ್ಕೂ ಹೆದರುವ ಜೀವ. ಮರುದಿನವೇ ಶೆಡ್ಡಿಗೆ ಹಾಕಲು ಬೀಗ ತಂದ. ಕೆಟ್ಟವನಲ್ಲ, ಆದರೆ ಬೀಗ ಹಿಡಿದು ಬಂದವನನ್ನು ಯಾರು ತಾನೆ ಒಳ್ಳೆಯವನು ಅನ್ನುತ್ತಾರೆ.

ಅಪ್ಪ ಬೀಗ ನೋಡಿದರು. "ನನ್ನ ತಲೆ ಕೆಟ್ಟಿದೆ ಅಂತ ನೀವೆಲ್ಲ ತೀರ್ಮಾನ ಮಾಡಿದೀರಿ" ಅಂದರು.

"ಹಂಗಲ್ಲಪ್ಪಾ."

"ಹಂಗೇ. ಸರಿ, ಒಂದು ಮಾತು. ಆ ಎಂಜಿನ್ನು ನಾನೇ ಜೀಪಿಗೆ ಕೂರಿಸ್ತೀನಿ. ಗಾಡಿ ಓಡಿದ್ರೆ ತಲೆ ಸರಿ ಇದೆ, ಶೆಡ್ಡು ನಂದು. ಓಡದೆ ಇದ್ರೆ ಬೀಗ ನಾನೇ ಹಾಕ್ತೀನಿ."

ಅಣ್ಣ ನನ್ನ ಮುಖ ನೋಡಿದ. "ಜೊತೆಗೆ ನಾನಿರ್ತೀನಿ. ನೀನು ಮಾತ್ರೆ ಎಣಿಸ್ಕೊಂಡಿರು ಹೋಗು" ಅಂದೆ. ಅವನು ಒಪ್ಪಿದ.

ಕೆಲಸ ಶುರುವಾದ ಮೇಲೆ ಅಪ್ಪ ಬೇರೆಯೇ ಮನುಷ್ಯರಾದರು. ಶೆಡ್ಡಿನ ಕಬ್ಬಿಣದ ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ತೂಗುಹಾಕಿ ಎಳೆದು ಪರೀಕ್ಷಿಸಿದರು. ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಟ್ಟು ಜಾಗ ಮಾಡಿಕೊಂಡರು. ಎಂಜಿನ್ ನಿಲ್ಲುವ ರಬ್ಬರ್ ಮೌಂಟುಗಳು ಹೊಸವು ಬೇಕೆಂದು ಹಟ ಹಿಡಿದು ನನ್ನನ್ನು ಎರಡು ಸಲ ಅಂಗಡಿಗೆ ಓಡಿಸಿದರು. ಅಡುಗೆಮನೆಗೆ ಯಾಕೆ ಬಂದೆ ಎಂದು ನೆನಪಾಗದೆ ನಿಂತುಬಿಡುವವರು ಶೆಡ್ಡಿನಲ್ಲಿ ಯಾವ ವೈರು ಎಲ್ಲಿಗೆ ಎಂದು ತಡವರಿಸದೆ ಹೇಳುತ್ತಿದ್ದರು. ನನಗೆ ಬೆಟ್ಟದಷ್ಟು ಧೈರ್ಯ ಬಂತು. ಮರೆವಿನ ಕಾಯಿಲೆ ಎಂದಿದ್ದ ಡಾಕ್ಟರಿಗೇ ತಲೆ ಸರಿಯಿಲ್ಲ ಎಂದು ಅಮ್ಮನ ಹತ್ತಿರ ಹೇಳಿಯೂ ಬಿಟ್ಟೆ.

ಎಂಜಿನ್ನಿಗೆ ಕ್ಲಚ್ ಕೂರಿಸುವ ಬೆಳಿಗ್ಗೆ ನಾನಿರಲಿಲ್ಲ. ಒಂದು ವ್ಯಾನಿನ ಸೀಟುಗಳು ಅಂದೇ ಕೊಡಬೇಕಿತ್ತು. ಅಂಗಡಿಗೆ ಅಣ್ಣನ ಫೋನು ಬಂತು. "ಅಪ್ಪನ್ನ ಒಬ್ಬರನ್ನೇ ಬಿಟ್ಟು ಹೋಗಿದೀಯಾ" ಎಂದು ರೇಗಿದ. ನಾನು ಮನೆಗೆ ಬರುವಷ್ಟರಲ್ಲಿ ಅಪ್ಪ ಪ್ಲೇಟು ಕೂರಿಸಿ, ಮೇಲಿನ ಮುಚ್ಚಳದ ಬೋಲ್ಟು ಬಿಗಿದು, ಕೈ ಒರೆಸಿಕೊಳ್ಳುತ್ತ ಕೂತಿದ್ದರು. "ಮುಗೀತು. ಎತ್ತೋಣ ನಡಿ" ಅಂದರು.

ಎಂಜಿನ್ ಚೈನಿನಲ್ಲಿ ಮೇಲೆದ್ದು, ಮೂತಿ ಎತ್ತಿಕೊಂಡು ಬಾನೆಟ್ಟಿನ ಗೂಡಿಗೆ ಇಳಿಯಿತು. ನಾನು ಚೈನು ಬಿಡುವುದು, ಅವರು ಅಂಗೈಯಿಂದ ತಳ್ಳುವುದು. ಗೇರ್ ಬಾಕ್ಸಿನ ಶಾಫ್ಟು ಒಳಗೆ ಹೋಗದೆ ಸ್ವಲ್ಪ ಹೊತ್ತು ಸತಾಯಿಸಿತು. ಅಪ್ಪ ಗಾಡಿಯನ್ನೂ ನನ್ನನ್ನೂ ಸಮನಾಗಿ ಬೈದರು. ಆಮೇಲೆ ಅದು ಜಾರಿ ಕೂತಿತು. ಬೋಲ್ಟುಗಳನ್ನು ಬಿಗಿದು ಒಂದೊಂದಕ್ಕೂ ಕೆಂಪು ಚುಕ್ಕೆ ಇಟ್ಟರು. ಇತ್ತೀಚೆಗೆ ಅವರ ಕೈ ನಡುಗುತ್ತಿತ್ತು, ಕುಂಚ ಎತ್ತುವಾಗ ಪ್ರತಿ ಚುಕ್ಕೆಗೂ ಒಂದು ಸಣ್ಣ ಬಾಲ ಉಳಿಯುತ್ತಿತ್ತು.

ಭಾನುವಾರ ಅಣ್ಣ ಬಂದ. ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜೀಪು ಹತ್ತಿ ಕೀಲಿ ತಿರುಗಿಸಿದರು. ಎಂಜಿನ್ ಒಂದೆರಡು ಸಲ ಕೆಮ್ಮಿ ಹಿಡಿದುಕೊಂಡಿತು. ಎಷ್ಟು ಚೆಂದದ ಸದ್ದು ಅದು! ಅಪ್ಪ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅಣ್ಣ ನಗುತ್ತಿದ್ದ. ಅವನಿಗೂ ಬೀಗ ಹಾಕುವುದು ಬೇಕಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಅಪ್ಪ ಕ್ಲಚ್ ಒತ್ತಿ ಗೇರ್ ಹಾಕಿದರು. ಒಳಗೆ ಹಲ್ಲುಗಳು ಕರಕರ ಎಂದವು. ಇನ್ನೊಮ್ಮೆ ಹಾಕಿದರು, ಮತ್ತೆ ಅದೇ ಸದ್ದು. ಎಂಜಿನ್ ಆರಿಸಿ ಕೆಳಗಿಳಿದರು, ಇಸ್ತ್ರಿ ಅಂಗಿಯಲ್ಲೇ ಗಾಡಿಯ ಅಡಿಗೆ ತೆವಳಿ ಪೆಡಲಿನಿಂದ ಬರುವ ಸಲಾಕೆ ಅಲ್ಲಾಡಿಸಿ ನೋಡಿದರು. ಎದ್ದು ಬಂದು ಹೇಳಿದರು.

"ಸಲಾಕೆ ಸರಿ ಇದೆ. ಪ್ಲೇಟು ಉಲ್ಟಾ ಕೂತಿದೆ. ಯಾರು ಹಾಕಿದ್ದು ಇದನ್ನ?"

ಅವರು ನಿಜವಾಗಿ ಕೇಳುತ್ತಿದ್ದರು. ನನ್ನ ಮುಖ, ಅಣ್ಣನ ಮುಖ, ಅಮ್ಮನ ಮುಖ ಹುಡುಕುತ್ತಿದ್ದರು. ಪ್ಲೇಟು ಕೂರಿಸಿದ ಆ ಬೆಳಿಗ್ಗೆ ಅವರ ನೆನಪಿನಲ್ಲಿ ಎಲ್ಲೂ ಉಳಿದಿರಲಿಲ್ಲ. ಅಣ್ಣ ಬಾಯಿ ತೆರೆಯುವುದು ಕಂಡಿತು.

"ನಾನಪ್ಪಾ" ಅಂದೆ.

ಅಣ್ಣನಿಗೆ ಸತ್ಯ ಗೊತ್ತಿತ್ತು. ಆ ಹೊತ್ತಿನಲ್ಲಿ ನಾನು ಅಂಗಡಿಯಲ್ಲಿದ್ದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವನು ತೆರೆದ ಬಾಯಿ ಮುಚ್ಚಿಕೊಂಡು ಶೆಡ್ಡಿನ ತಗಡು ನೋಡತೊಡಗಿದ.

ಆಮೇಲೆ ಬೈಗುಳದ ಮಳೆ. ಇಷ್ಟು ವರ್ಷ ಕಣ್ಣು ಎಲ್ಲಿ ಇಟ್ಕೊಂಡಿದ್ದೆ, ಸೂಜಿದಾರ ಹಿಡಿಯೋಳಿಗೆ ಎಂಜಿನ್ ಯಾಕೆ, ನಾಯಿ ಬಾಲಕ್ಕೆ ಕ್ಲಚ್ ಪ್ಲೇಟ್ ಕಟ್ಟಿದ್ರೂ ಸರಿಯಾಗಿ ಕೂರಿಸ್ತಿತ್ತು. ಹಳೆಯ ಅಪ್ಪ ಪೂರ್ತಿ ವಾಪಸು ಬಂದಿದ್ದರು. ನಾನು ತಲೆ ತಗ್ಗಿಸಿ ನಿಂತೆ. ಬೈಸಿಕೊಂಡು ಅಷ್ಟು ಸುಖವಾಗಿದ್ದು ಅದೇ ಮೊದಲು.

"ನಿಯಮ ಗೊತ್ತಲ್ಲ. ಸ್ಪ್ಯಾನರ್ ಇಡು" ಅಂದರು. ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಸೊಂಟ ಕೇಳಲ್ಲ. ಬಿಚ್ಚೋಕೆ ಮಾತ್ರ ಹಿಡ್ಕೋ, ಬಿಗಿಯೋಕೆ ಮುಟ್ಟಬೇಡ" ಎಂದರು.

"ಅವಳ ತಪ್ಪಿಗೆ ನಿಮ್ಮ ಶೆಡ್ಡು ಯಾಕಪ್ಪಾ ಮುಚ್ಚಬೇಕು. ಸರಿ ಮಾಡಿ, ಮುಂದಿನ ವಾರ ಬರ್ತೀನಿ" ಎಂದ ಅಣ್ಣ. ಹೋಗುವಾಗ ಗೇಟಿನ ಹತ್ತಿರ ನನ್ನ ಭುಜದ ಮೇಲೆ ಕೈಯಿಟ್ಟು ಹೋದ.

ಎರಡು ದಿನದಲ್ಲಿ ಎಂಜಿನ್ ಮತ್ತೆ ಚೈನಿಗೆ ಬಂತು. ಗೇರ್ ಬಾಕ್ಸಿನಿಂದ ಬಿಡಿಸಿ ಮೇಲೆತ್ತಿ ತಿರುಗಿಸಿದಾಗ ಕ್ಲಚ್ಚಿನ ಮುಚ್ಚಳ ನಮ್ಮ ಕಣ್ಣೆದುರಿಗೇ ಬಂದು ನಿಂತಿತು. ಅದರ ಸುತ್ತ ಬೋಲ್ಟುಗಳು. ಒಂದೊಂದರ ತಲೆಯ ಮೇಲೂ ಒಂದು ಕೆಂಪು ಚುಕ್ಕೆ.

ನನಗೆ ಅದು ಹೊಳೆದೇ ಇರಲಿಲ್ಲ. ಅಷ್ಟೆಲ್ಲ ಜಾಣತನ ಮಾಡಿದವಳಿಗೆ ಅಪ್ಪ ಚುಕ್ಕೆ ಇಟ್ಟಿರುತ್ತಾರೆ ಎಂಬುದೇ ಮರೆತುಹೋಗಿತ್ತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಒಂದು ಚುಕ್ಕೆಯನ್ನು ಉಗುರಿನಿಂದ ಮುಟ್ಟಿದರು.

"ನಾನೇ ಇಟ್ಟಿದ್ದು. ನಿಮ್ಮ ಥರಾನೇ ಇರ್ಲಿ ಅಂತ ಕದ್ದು ಇಟ್ಟೆ" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

"ನೀನು ಇಟ್ಟಿದ್ರೆ ದುಂಡಗಿರ್ತಿತ್ತು. ಇವಕ್ಕೆ ಬಾಲ ಇದೆ" ಎಂದರು ಅಪ್ಪ.

ನಾನು ಚೈನು ಹಿಡಿದುಕೊಂಡು ನಿಂತೆ. ಅವರು ಒಂದೊಂದೇ ಚುಕ್ಕೆ ನೋಡುತ್ತ ಸುತ್ತು ಮುಗಿಸಿದರು.

"ಅದು ಅಸಡ್ಡೆ ಅಲ್ಲಪ್ಪಾ. ನೀವು ಯಾವತ್ತೂ ಅಸಡ್ಡೆ ಮಾಡಿದೋರಲ್ಲ."

"ಗೊತ್ತು" ಅಂದರು. "ಅಸಡ್ಡೆ ಆಗಿದ್ರೆ ಬೈದು ಸರಿ ಮಾಡಬಹುದಿತ್ತು ಮಗಳೇ."

ಟೂಲ್ ಬಾಕ್ಸಿನ ಹತ್ತಿರ ಹೋಗಿ ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೇಲಿಟ್ಟರು. ಬೇರೆಯವರೆಲ್ಲ ಇಟ್ಟು ಹೋದ ಹಾಗೆಯೇ ಇಟ್ಟರು. ಹಳೆಯ ಸ್ಟೂಲಿನ ಮೇಲೆ ಕೂತು, "ನೀನು ಹಾಕು" ಅಂದರು.

ನಾನು ಮುಚ್ಚಳ ಬಿಚ್ಚಿ ಪ್ಲೇಟು ಹೊರತೆಗೆದೆ. ಅದನ್ನು ತಿರುಗಿಸಿ ಹಿಡಿದು, ಗೊತ್ತಿದ್ದೂ, "ಹೀಗೇ ಅಲ್ವಾ ಅಪ್ಪಾ" ಎಂದು ಕೇಳಿದೆ. ಅವರು ಪ್ಲೇಟನ್ನು ಬಹಳ ಹೊತ್ತು ನೋಡಿದರು. "ನಿನಗೆ ಹೇಗೆ ಅನ್ಸುತ್ತೋ ಹಾಗೆ" ಅಂದರು. ಆ ಮಾತು ಅವರ ಬಾಯಲ್ಲಿ ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ.

ಬೋಲ್ಟುಗಳನ್ನು ಬಿಗಿದಾದ ಮೇಲೆ ಅಪ್ಪ ಅಂಗಿಯ ಜೇಬಿನಿಂದ ಶೀಶೆ ತೆಗೆದು ಕೊಟ್ಟರು. "ಹಾಕಿದೋರು ಇಡಬೇಕು."

ಚಿಕ್ಕಂದಿನಿಂದ ಅದಕ್ಕಾಗಿ ಆಸೆಪಟ್ಟಿದ್ದೆ, ಅದಕ್ಕಾಗಿ ಜಗಳವಾಡಿದ್ದೆ. ಈಗ ನನಗದು ಬೇಡವಾಗಿತ್ತು. ಕುಂಚ ಅದ್ದಿ ಒಂದೊಂದಾಗಿ ಇಟ್ಟೆ. ಕೈ ನಿಲ್ಲಲಿಲ್ಲ. ನನ್ನ ಚುಕ್ಕೆಗಳಿಗೂ ಬಾಲ ಬಂತು.

ಮುಂದಿನ ಭಾನುವಾರ ಗೇರು ಬೆಣ್ಣೆಯಂತೆ ಬಿತ್ತು. ಅಣ್ಣ ಚಪ್ಪಾಳೆ ತಟ್ಟಿ, "ಮಾತು ಅಂದ್ರೆ ಮಾತು. ಶೆಡ್ಡು ನಿಮ್ದೇ ಅಪ್ಪಾ" ಅಂದ. ಅಪ್ಪ ಅವನ ಚೀಲದಿಂದ ಬೀಗವನ್ನು ತಾವೇ ತೆಗೆದುಕೊಂಡರು. ಶೆಡ್ಡಿನ ಬಾಗಿಲು ಎಳೆದು, ಬೀಗ ಹಾಕಿ, ಜಗ್ಗಿ ನೋಡಿ, ಕೀಲಿಯನ್ನು ನನಗೆ ಕೊಟ್ಟರು. ಅಣ್ಣ ನನ್ನನ್ನು ನೋಡಿದ.

"ನಡಿ, ಒಂದು ಸುತ್ತು ಹೋಗಿ ಬರೋಣ" ಎಂದು ಅಪ್ಪ ಜೀಪಿನ ಆ ಕಡೆಗೆ ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಆ ಜೀಪಿನಲ್ಲಿ ಅವರು ಅಲ್ಲಿ ಕೂತಿದ್ದು ಅದೇ ಮೊದಲು. ನಾನು ಸ್ಟಿಯರಿಂಗ್ ಹಿಡಿದೆ. ರಸ್ತೆ ದಾಟಿ, ಮಣ್ಣಿನ ದಾರಿ ಹಿಡಿದು, ಏರು ಹತ್ತಿದೆವು. ಅಪ್ಪ ಒಂದು ತಪ್ಪನ್ನೂ ಹೇಳಲಿಲ್ಲ. ನಾನು ಗೇರ್ ಬದಲಿಸುವಾಗಲೆಲ್ಲ ಅವರ ಎಡಗಾಲು, ಪೆಡಲಿಲ್ಲದ ಕಾಲಡಿಯ ಬರಿಯ ತಗಡನ್ನು ಒತ್ತುತ್ತಿತ್ತು.